ಎರಡು ಅಂಗಡಿಗಳ ಊರಿನವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವರು ವಸಂತ್. ನಾವು ಸಿಡ್ನಿ ಬಿಟ್ಟು ಮೆಲ್ಬರ್ನಿನ ಟಾರ್ನೀಟ್‌ಗೆ ಬಂದು ಆಗ ಒಂದು ವರ್ಷ ಕಳೆದಿತ್ತು. ಶನಿವಾರ ಬೆಳಿಗ್ಗೆ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಫೋನ್ ಬಂತು.

“ಮಂಜುನಾಥ್, ನಿಮ್ಮ ಹಳೇ ಲ್ಯಾಂಡ್‌ಲೇಡಿ ಹೋಗ್ಬಿಟ್ರಂತೆ ರೀ. ಅದೇ, ಆ ಫಿನ್‌ಲೆಂಡ್ ಅಜ್ಜಿ. ಏಜೆಂಟ್ ಬಂದು ಗೇಟಿಗೆ ಸೇಲ್ ಬೋರ್ಡ್ ಹೊಡೀತಿದ್ದ. ಅವನೇ ಹೇಳ್ದ.”

ದುಃಖಕ್ಕಿಂತ ಮೊದಲು ನನ್ನ ಮನಸ್ಸಿಗೆ ಬಂದದ್ದು ಅನುಮಾನ. ಆ ಗೇಟಿನ ಮುಂದೆ ಇವರಿಗೇನು ಕೆಲಸ? ಆ ಜಾಗದ ಮೇಲೆ ಇವರಿಗೂ ಕಣ್ಣಿದೆಯೇ? ಹಾಗೆ ಯೋಚಿಸಿದ್ದಕ್ಕೆ ನನಗೆ ಸಂಕೋಚವಾಗಲಿಲ್ಲ, ಏಕೆಂದರೆ ತೀರಿಕೊಂಡವರು ನನಗೆ ಕಲಿಸಿದ ಕ್ರಮವೇ ಅದಾಗಿತ್ತು. “ಯಾರು ಹೇಳಿದರು ಎಂದು ಮೊದಲು ನೋಡು. ಏನು ಹೇಳಿದರು ಎಂಬುದು ಆಮೇಲೆ” ಎಂದು ಅವರು ಹೇಳುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಅಂಚೆಪೆಟ್ಟಿಗೆಯ ಮೇಲೆ ಕೂಡ ಮನೆಯ ಸಂಖ್ಯೆ ಮಾತ್ರ ಇತ್ತು. ಹೆಸರು ಏಕಿಲ್ಲ ಎಂದು ನಾನೊಮ್ಮೆ ಕೇಳಿದಾಗ, “ಕಾಗದ ತರುವವನಿಗೆ ನಂಬರ್ ಸಾಕು. ಹೆಸರು ಬೇಕಾದವನು ಕಾಗದ ತರುವವನಲ್ಲ” ಎಂದಿದ್ದರು. ಅವರ ಊರಿನ ಹೆಸರನ್ನೂ ಬರೆಯಲಾರೆ. ಅದರಲ್ಲಿ ಸ್ವರಗಳು ಜೋಡಿಜೋಡಿಯಾಗಿ ಬರುತ್ತಿದ್ದವು. ನಾನು ಉಚ್ಚರಿಸಿದಾಗಲೆಲ್ಲ ಅವರು ಮುಖ ಅಲುಗಿಸದೆ, “ಅದು ಬೇರೆ ಊರು” ಎನ್ನುತ್ತಿದ್ದರು.

ಎರಡು ಸಾವಿರದ ನಾಲ್ಕರ ಜೂನ್‌ನಲ್ಲಿ, ಇಲ್ಲಿನ ಚಳಿಗಾಲದಲ್ಲಿ, ನನಗೆ ಸಿಡ್ನಿಯ ನಾರ್ವೆಸ್ಟ್‌ನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ವಸಂತ್ ಅಲ್ಲಿ ನನಗಿಂತ ಹಿರಿಯರು, ಮೈಸೂರಿನವರು, ರೌಸ್ ಹಿಲ್‌ನಲ್ಲಿ ಹೊಸ ಮನೆ ಕೊಂಡಿದ್ದವರು. ಹೊಸಬರಿಗೆ ಬಾಡಿಗೆ ಮನೆ ಹುಡುಕಿಕೊಡುವುದು, ಕನ್ನಡದವರನ್ನೆಲ್ಲ ಒಂದೆಡೆ ಸೇರಿಸುವುದು ಅವರಿಗೆ ಇಷ್ಟದ ಕೆಲಸ. ಆಗ ಆ ಕಡೆ ಹೊಸ ಬಡಾವಣೆಗಳು ಪೂರ್ತಿ ಬಂದಿರಲಿಲ್ಲ. ಕುದುರೆ ಮೇಯುವ ಬಯಲುಗಳ ನಡುವೆ ಹಳೆಯ ಮರದ ಮನೆಗಳಿದ್ದವು. ಅಂಥದೊಂದು ಮನೆಯ ಗೇಟಿಗೆ ‘ಹಿಂದಿನ ಮನೆ ಬಾಡಿಗೆಗಿದೆ’ ಎಂದು ಕೈಬರಹದ ಹಲಗೆ ತೂಗುಹಾಕಿದ್ದನ್ನು ವಸಂತ್ ಕಾರಿನಿಂದ ನೋಡಿ ನನಗೆ ತಿಳಿಸಿದರು.

ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಇಂಗ್ಲಿಷಿನಲ್ಲಿ ಉತ್ತರ ಸಿದ್ಧಪಡಿಸಿಕೊಂಡು ಹೋದೆ. ಗೇಟಿನ ಆಚೆ ನಿಂತಿದ್ದವರು ಎಪ್ಪತ್ತು ದಾಟಿದ, ಎತ್ತರದ, ಬೆನ್ನು ಬಾಗದ ಹೆಂಗಸು. ತಲೆಗೆ ವಸ್ತ್ರ ಬಿಗಿದಿದ್ದರು. ಕಣ್ಣು ಎಷ್ಟು ತಿಳಿ ನೀಲಿಯೆಂದರೆ ಅವರು ನನ್ನನ್ನು ನೋಡುತ್ತಿದ್ದಾರೋ ನನ್ನ ಹಿಂದಿನ ರಸ್ತೆಯನ್ನೋ ತಿಳಿಯುವಂತಿರಲಿಲ್ಲ. ಅವರು ಸಂಬಳ ಕೇಳಲಿಲ್ಲ, ವೀಸಾ ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

“ಬೆಳಿಗ್ಗೆ ಎದುರು ಸಿಕ್ಕವರ ಜೊತೆ ಮಾತಾಡಲೇಬೇಕು ಅನ್ನುವ ಅಭ್ಯಾಸ ಇದೆಯಾ?”

“ಇಲ್ಲ” ಎಂದೆ. ಅದು ನಿಜವೂ ಆಗಿತ್ತು. ಅವರು ಗೇಟು ತೆರೆದರು.

ನಾನೂ ಹೆಂಡತಿ ಸುಮಾಳೂ ಮೊದಲ ತಿಂಗಳುಗಳಲ್ಲಿ ಅವರನ್ನು ನಂಬಲಿಲ್ಲ. ನಂಬಲು ಅವರು ಅವಕಾಶವನ್ನೂ ಕೊಡಲಿಲ್ಲ. ನಾವು ಕಚೇರಿಯಿಂದ ಬಂದು ಪಕ್ಕದ ಹಾದಿಯಲ್ಲಿ ನಮ್ಮ ಹಿಂದಿನ ಮನೆಗೆ ನಡೆಯುವಾಗ ಅವರಿದ್ದ ಮುಂದಿನ ದೊಡ್ಡ ಮನೆಯ ಪರದೆ ಒಂದಿಷ್ಟು ಸರಿಯುತ್ತಿತ್ತು, ನಾವು ತಿರುಗಿ ನೋಡಿದರೆ ಮುಚ್ಚಿಕೊಳ್ಳುತ್ತಿತ್ತು. ಹಿತ್ತಿಲಿನ ತುದಿಯಲ್ಲಿ ಕಿಟಕಿ ಇಲ್ಲದ ಒಂದು ಮರದ ಗುಡಿಸಲಿತ್ತು. ಪ್ರತಿ ಶನಿವಾರ ಸಂಜೆ ಅವರು ಒಂದು ಹಿಡಿ ನೀಲಗಿರಿ ಸೊಪ್ಪನ್ನು ಕಟ್ಟಿಕೊಂಡು ಅದರೊಳಗೆ ಹೋಗುತ್ತಿದ್ದರು. ಚಿಮಣಿಯಿಂದ ಹೊಗೆ ಏಳುತ್ತಿತ್ತು. ಒಳಗಿನಿಂದ ಸೊಪ್ಪಿನಲ್ಲಿ ಬಡಿದುಕೊಳ್ಳುವ ಸದ್ದು. ಬಹಳ ಹೊತ್ತಾದ ಮೇಲೆ ಮುಖ ಕೆಂಪಾಗಿ ಹೊರಬರುತ್ತಿದ್ದರು.

“ಮಾಟಗೀಟ ಏನಾರ ಮಾಡ್ತಾರೇನ್ರೀ?” ಎಂದು ಸುಮಾ ಅಡುಗೆಮನೆಯ ಕಿಟಕಿಯಿಂದ ಕೇಳಿದಳು.

ಅದು ಅವರ ನಾಡಿನ ಹಬೆಸ್ನಾನ ಎಂದು ತಿಳಿಯಲು ನಮಗೆ ಹಲವು ಶನಿವಾರಗಳು ಬೇಕಾದವು. ತಿಳಿದ ಮೇಲೂ ಸುಮಾ ಆ ಕಡೆಯ ಹಗ್ಗದ ಮೇಲೆ ನನ್ನ ಅಂಗಿ ಒಣಹಾಕುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವರು ನನ್ನನ್ನು ಕಾಫಿಗೆ ಕರೆಯತೊಡಗಿದರು. ಜೊತೆಗೆ ಜಡೆಯಂತೆ ಹೆಣೆದು ಸುಟ್ಟ ಸಿಹಿ ಬ್ರೆಡ್. ಮೊದಲ ತುಂಡು ಬಾಯಿಗಿಟ್ಟಾಗ ಗಾಬರಿಯಾಯಿತು: ಅದರಲ್ಲಿ ಏಲಕ್ಕಿ ಇತ್ತು. ನಮ್ಮನ್ನು ಒಲಿಸಿಕೊಳ್ಳಲು ಯಾರನ್ನೋ ಕೇಳಿ ಹಾಕಿದ್ದಾರೆಂದು ಭಾವಿಸಿದೆ. “ನಿಮ್ಮದಲ್ಲ ಅದು. ನಮ್ಮಜ್ಜಿಯೂ ಹಾಕುತ್ತಿದ್ದಳು” ಎಂದರು, ನಾನು ಬಾಯಿ ತೆರೆಯುವ ಮೊದಲೇ.

ಕಾಫಿ ಕೊಡುತ್ತಿದ್ದುದು ಯಾವಾಗಲೂ ಒಂದೇ ಬಟ್ಟಲಿನಲ್ಲಿ. ಅವರ ಬಟ್ಟಲುಗಳು ಕಪಾಟಿನಲ್ಲಿ ಸಾಲಾಗಿದ್ದವು. ನನ್ನದು ಮಾತ್ರ ಬೇರೆ ಕೊಕ್ಕೆಗೆ ನೇತಾಡುತ್ತಿತ್ತು. ಬೇರೆ ಕೊಕ್ಕೆಯ ಬಟ್ಟಲು ಎಂದರೆ ಏನೆಂದು ನಾನು ಬಾಲ್ಯದಲ್ಲಿಯೇ ಬಲ್ಲವನು. ನಮ್ಮ ಪಟ್ಟಣದ ಹೋಟೆಲೊಂದರಲ್ಲಿ ನನ್ನ ಅವ್ವನಿಗೆ ಚಹಾ ಹಿತ್ತಿಲ ಬಾಗಿಲಿನಲ್ಲಿ, ಬೇರೆ ಲೋಟದಲ್ಲಿ ಬರುತ್ತಿತ್ತು. ಆ ಬಟ್ಟಲಿನ ವಿಷಯ ನಾನು ಅವರನ್ನು ಕೇಳಲಿಲ್ಲ. ಅದು ಏಕೆ ಬೇರೆ ತೂಗುತ್ತಿತ್ತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಇಲ್ಲಿ ಒಂದು ವಿಷಯವನ್ನು ಹೇಳಬೇಕು. ನನ್ನ ಅವ್ವ ರಾಣೆಬೆನ್ನೂರು ಕಡೆಯ ಒಂದು ಸಣ್ಣ ಪಟ್ಟಣದ ಪುರಸಭೆಯಲ್ಲಿ ಬೀದಿ ಗುಡಿಸುವ ಕೆಲಸದಲ್ಲಿದ್ದಳು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಕಾಲೇಜಿನಿಂದ ಬೆಂಗಳೂರಿನವರೆಗೆ, ಬೆಂಗಳೂರಿನಿಂದ ಸಿಡ್ನಿಯವರೆಗೆ ನಾನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಅವ್ವನ ಬಗ್ಗೆ ನಾಚಿಕೆ ಇರಲಿಲ್ಲ. ಹೇಳಿದ ಮರುಕ್ಷಣ ಎದುರಿಗಿದ್ದವರ ಕಣ್ಣಿನಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದ್ದೆ, ಅದನ್ನು ಮತ್ತೆ ನೋಡಲು ಸಿದ್ಧನಿರಲಿಲ್ಲ.

ಭಾನುವಾರದ ಕಾಫಿಯಲ್ಲಿ ಅವರು ಹೇಳುತ್ತಿದ್ದುದು ತಮ್ಮ ಊರಿನ ಸಂಗತಿಗಳನ್ನು ಮಾತ್ರ. ಗಂಡನ ಬಗ್ಗೆಯಾಗಲಿ, ಐವತ್ತರ ದಶಕದ ಕೊನೆಯಲ್ಲಿ ಹಡಗು ಹತ್ತಿ ಇಲ್ಲಿಗೆ ಬಂದದ್ದರ ಬಗ್ಗೆಯಾಗಲಿ ಒಂದೆರಡು ವಾಕ್ಯಕ್ಕಿಂತ ಹೆಚ್ಚು ಕೇಳಿದ ನೆನಪಿಲ್ಲ. ಅವರ ಇಂಗ್ಲಿಷ್ ಬಹಳ ಚಿಕ್ಕ ವಾಕ್ಯಗಳದು. ನಡುನಡುವೆ ದೀರ್ಘ ಮೌನ. ಮೌನ ಮುಗಿಯಿತೆಂದು ನಾನು ಎದ್ದರೆ, “ನಾನಿನ್ನೂ ಮಾತಾಡುತ್ತಿದ್ದೇನೆ” ಎನ್ನುತ್ತಿದ್ದರು.

ಆ ಊರು ಎರಡು ಸರೋವರಗಳ ನಡುವಿನ ಕಿರಿದಾದ ನೆಲದ ಮೇಲಿತ್ತಂತೆ. ಒಂದು ತುದಿಗೆ ಚರ್ಚು, ಇನ್ನೊಂದು ತುದಿಗೆ ಮರ ಕೊಯ್ಯುವ ಕಾರ್ಖಾನೆಯ ಚಿಮಣಿ. ಮನೆಗಳೆಲ್ಲ ಮರದವು, ಕೆಮ್ಮಣ್ಣು ಬಣ್ಣದವು. ಒಮ್ಮೆ ಊರಿಗೆ ಊರೇ ಸುಟ್ಟುಹೋಗಿ, ಎಲ್ಲರೂ ತಮ್ಮ ತಮ್ಮ ಹಳೆಯ ಜಾಗದಲ್ಲಿಯೇ ಮತ್ತೆ ಕಟ್ಟಿಕೊಂಡರಂತೆ. “ಬೆಂಕಿಯಿಂದ ಜನ ಕಲಿಯುವುದಿಲ್ಲ. ಬೇಲಿಯನ್ನು ಮೊದಲು ಹಾಕಿದರು, ಆಮೇಲೆ ಮನೆ” ಎಂದು ಅವರು ಹೇಳಿದರು.

ಫಿನ್‌ಲೆಂಡ್ ಸ್ವತಂತ್ರವಾದ ಮರುವರ್ಷವೇ, ಸಾವಿರದ ಒಂಬೈನೂರ ಹದಿನೆಂಟರಲ್ಲಿ, ದೇಶ ಕೆಂಪು ಮತ್ತು ಬಿಳಿ ಎಂಬ ಎರಡು ಪಕ್ಷಗಳಾಗಿ ತನ್ನೊಳಗೇ ಹೊಡೆದಾಡಿತು. ಕಾರ್ಖಾನೆಯ ತುದಿಯವರು ಕೆಂಪು, ಚರ್ಚಿನ ತುದಿಯವರು ಬಿಳಿ. ಯುದ್ಧ ಕೆಲವೇ ತಿಂಗಳಲ್ಲಿ ಮುಗಿಯಿತು, ಬಿಳಿಯವರು ಗೆದ್ದರು. ಆದರೆ ನಮ್ಮ ಮನೆಯೊಡತಿ ಹುಟ್ಟಿ ಬೆಳೆಯುವ ಹೊತ್ತಿಗೂ ಆ ಊರಿನಲ್ಲಿ ಎಲ್ಲವೂ ಎರಡೆರಡು ಇದ್ದವು. ಎರಡು ಸಭಾಭವನ, ಎರಡು ವಾದ್ಯಮೇಳ, ಓಡುವ ಹುಡುಗರಿಗೆ ಎರಡು ಕ್ರೀಡಾಸಂಘ. ಎಲ್ಲಕ್ಕಿಂತ ಮುಖ್ಯವಾಗಿ ಎರಡು ಅಂಗಡಿ.

“ಒಂದೇ ಬೀದಿ. ಎದುರುಬದುರು ಬಾಗಿಲು. ಅದೇ ಸಕ್ಕರೆ, ಅದೇ ಉಪ್ಪು. ನೀನು ಯಾವ ಅಂಗಡಿಯಲ್ಲಿ ಬ್ರೆಡ್ ಕೊಳ್ಳುತ್ತೀಯ ಅನ್ನುವುದು ಗೊತ್ತಾದರೆ ಸಾಕು. ನಿನ್ನ ಅಜ್ಜ ಯಾರ ಮೇಲೆ ಗುಂಡು ಹಾರಿಸಿದ ಅನ್ನುವುದೂ ಗೊತ್ತಾಗುತ್ತಿತ್ತು.”

“ಹೊಸಬರು ಬಂದರೆ?” ಎಂದು ಕೇಳಿದೆ.

“ಹೊಸಬರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕಿಟಕಿಯಿಂದ ನೋಡುತ್ತಿದ್ದರು. ಬ್ರೆಡ್ ಮುಗಿಯಲೇಬೇಕಲ್ಲ.”

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮುಂದೆ ರಷ್ಯಾದ ಜೊತೆ ಯುದ್ಧ ಬಂದಾಗ ಎರಡೂ ತುದಿಯ ಹುಡುಗರು ಒಂದೇ ಕಂದಕದಲ್ಲಿ ಸತ್ತರಂತೆ, ಚರ್ಚಿನ ಹಿಂದೆ ಅವರನ್ನು ಒಂದೇ ಸಾಲಿನಲ್ಲಿ ಹೂಳಿದರಂತೆ. “ಬದುಕಿದ್ದವರು ಮಣ್ಣು ಹಾಕಿ, ಮನೆಗೆ ಹೋಗುವಾಗ ಮತ್ತೆ ಅವರವರ ಅಂಗಡಿಗೇ ಹೋದರು” ಎಂದರು.

ಅವರದು ಕಾರ್ಖಾನೆಯ ತುದಿ. ಅವರ ತಂದೆ ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಸೆರೆಶಿಬಿರದಲ್ಲಿದ್ದು, ಬದುಕಿ ಬಂದವರು. ಶಾಲೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲವಂತೆ. ಸಾಲಿನಲ್ಲಿ ನಿಂತಾಗ ಪಕ್ಕದ ಹುಡುಗಿಯ ಸ್ಕರ್ಟು ಸ್ವಲ್ಪ ಸರಿದುಕೊಳ್ಳುತ್ತಿತ್ತಂತೆ, ಅಷ್ಟೆ. ಇದನ್ನು ಹೇಳಿ ಅವರು ನನ್ನ ಮುಖವನ್ನೇ ನೋಡಿದರು. ಏಕೆ ನೋಡುತ್ತಿದ್ದಾರೆಂದು ನನಗೆ ಭಯವಾಯಿತು.

ಆ ವರ್ಷದ ದೀಪಾವಳಿಯ ಮುಂಚೆ ವಸಂತ್ ತಮ್ಮ ಮನೆಯ ಹಿತ್ತಿಲಿನಲ್ಲಿ ಊಟಕ್ಕೆ ಕರೆದರು. ಆ ಹೊತ್ತಿಗೆ ಅಲ್ಲಿನ ಕನ್ನಡದವರಲ್ಲಿಯೂ ಎರಡು ಗುಂಪುಗಳಾಗಿದ್ದವು, ಎರಡು ಕಡೆ ರಾಜ್ಯೋತ್ಸವ ನಡೆಯುವುದಿತ್ತು. ನಮ್ಮನ್ನು ತಮ್ಮ ಕಡೆಗೆ ಸೇರಿಸಿಕೊಳ್ಳುವ ಉತ್ಸಾಹ ವಸಂತ್ ಅವರಿಗೆ. ಮೆಕ್ಕೆಜೋಳ ಸುಡುತ್ತ ಕೇಳಿದರು.

“ನಿಮ್ಮದು ರಾಣೆಬೆನ್ನೂರ್ ಸೈಡ್ ಅಲ್ವಾ? ನಮ್ಮ ಮಿಸೆಸ್ ಕಸಿನ್ ಅಲ್ಲೇ ಬ್ಯಾಂಕಲ್ಲಿದ್ರು ರೀ, ಫುಲ್ ಟೌನ್ ಗೊತ್ತು ಅವರಿಗೆ. ನಿಮ್ಮ ಮನೆ ಎಲ್ಲಿ ಬರುತ್ತೆ?”

“ಬಸ್ ಸ್ಟ್ಯಾಂಡ್ ಹಿಂದೆ.”

“ಹಿಂದೆ ಅಂದ್ರೆ ಮಾರ್ಕೆಟ್ ಸೈಡಾ, ಇಲ್ಲ ಆ ಮುನಿಸಿಪಾಲ್ಟಿ ಕ್ವಾರ್ಟರ್ಸ್ ಸೈಡಾ?”

ಕೆಲವರ ಪ್ರಶ್ನೆಗಳು ಜಿಲ್ಲೆಯಿಂದ ಹೊರಟು, ಊರು ದಾಟಿ, ಬೀದಿಗೆ ಬಂದು ನಿಲ್ಲುತ್ತವೆ. “ನಡುವೆ” ಎಂದೆ. ವಸಂತ್ ಜೋಳ ತಿರುವಿದರು.

“ಹೇಳಿ ರೀ, ಇಲ್ಲಿ ಏನು, ಆಸ್ಟ್ರೇಲಿಯಾದಲ್ಲಿ ಯಾರ್ ನೋಡ್ತಾರೆ ಅದನ್ನೆಲ್ಲ” ಎಂದು ನಕ್ಕರು. ಸುಮಾ ಮರಳುವಾಗ ಕಾರಿನಲ್ಲಿ ಹೇಳಿದಳು, “ನೋಡಂಗಿಲ್ಲ ಅನ್ನೋರು ಕೇಳೂದ್ಯಾಕ?” ಅವಸರದಲ್ಲಿ ಅವಳು ತನ್ನ ಸ್ಟೀಲಿನ ಡಬ್ಬಿಯನ್ನು ಅಲ್ಲಿಯೇ ಮರೆತು ಬಂದಿದ್ದಳು.

ಅದಾದ ಕೆಲವೇ ದಿನಗಳಿಗೆ, ನಾವು ಕಚೇರಿಯಿಂದ ಬಂದಾಗ ನಮ್ಮ ಬಾಗಿಲಿಗೆ ಒಂದು ಕಸಬರಿಗೆ ಅಡ್ಡವಾಗಿ ಒರಗಿತ್ತು.

ಸಿಡ್ನಿಯ ಅಂಗಡಿಗಳಲ್ಲಿ ಸಿಗುವ, ಉದ್ದ ಕೋಲಿನ ಪ್ಲಾಸ್ಟಿಕ್ ಕಸಬರಿಗೆಯಲ್ಲ ಅದು. ಒರಟು ಕಡ್ಡಿಗಳನ್ನು ಒತ್ತಾಗಿ ಸೇರಿಸಿ, ಮರದ ಹಿಡಿಗೆ ತಂತಿಯಿಂದ ಬಿಗಿದು ಕಟ್ಟಿದ್ದು. ಅವ್ವ ಬೆಳಗಿನ ಜಾವ ಹೆಗಲ ಮೇಲಿಟ್ಟುಕೊಂಡು ಹೋಗುತ್ತಿದ್ದ ಬೀದಿ ಕಸಬರಿಗೆಯ ಪಡಿಯಚ್ಚು. ಸುಮಾ ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ನಮ್ಮಲ್ಲಿ ಹೊಸಲಿಗೆ ಕಸಬರಿಗೆ ಒರಗಿಸಿದರೆ ಅದು ಶುಭಕ್ಕಲ್ಲ. ನಮ್ಮಂಥವರ ಹೊಸಲಿಗೆ ಒರಗಿಸಿದರೆ ಅದು ಮಾತೂ ಹೌದು.

ನಾನು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಬೀಗ ತೆರೆದೆ. ದೊಡ್ಡ ಮನೆಯ ಪರದೆ ಅಲುಗಿತು.

ಮರುದಿನ ಸಂಜೆ ಮತ್ತೆ ಅದೇ. ಅದರ ಮರುದಿನವೂ. ನಾವು ಮನೆಯಲ್ಲಿರುವಾಗ ಇಲ್ಲ, ಹೊರಗೆ ಹೋಗಿ ಬಂದರೆ ಇದೆ. ಯಾರೋ ಅವರಿಗೆ ಹೇಳಿದ್ದಾರೆ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಕೊಕ್ಕೆಯ ಬಟ್ಟಲೂ ಅದಕ್ಕೇ ಎಂದುಕೊಂಡೆ. ಭಾನುವಾರದ ಕಾಫಿಗೆ ನೆಪ ಹೇಳಿ ತಪ್ಪಿಸಿಕೊಂಡೆ. ಅವರು ಒತ್ತಾಯಿಸಲಿಲ್ಲ. ಹಾದಿಯಲ್ಲಿ ಎದುರಾದರೆ ಇಬ್ಬರೂ ಒಬ್ಬರನ್ನೊಬ್ಬರು ಅಳೆಯುವವರಂತೆ ನೋಡಿ, ಮಾತಿಲ್ಲದೆ ದಾಟುತ್ತಿದ್ದೆವು. ಬಾಡಿಗೆಗೆ ಒಪ್ಪಿಕೊಂಡ ಷರತ್ತೂ ಅದೇ ಆಗಿತ್ತಲ್ಲ.

ಇಷ್ಟರಲ್ಲಿ ಸುಮಾ ಬಸುರಿಯಾಗಿದ್ದಳು. ಅವಳಿಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ನನ್ನ ಅವ್ವ ಬರಬೇಕಿತ್ತು. ಅವ್ವನ ವೀಸಾ ಬಂದು ಕುಳಿತಿತ್ತು. ನಾನು ಟಿಕೆಟ್ ಬುಕ್ ಮಾಡುವುದನ್ನು ಮುಂದೂಡುತ್ತಲೇ ಇದ್ದೆ. ಅವ್ವ ಮಾತು ಮುಚ್ಚಿಡುವವಳಲ್ಲ. ಯಾರಾದರೂ ಕೇಳಿದರೆ ಮೂವತ್ತು ವರ್ಷ ಯಾವ ಬೀದಿ ಗುಡಿಸಿದೆ ಎಂಬುದನ್ನು ಅವಳು ಹೆಮ್ಮೆಯಿಂದಲೇ ಹೇಳುವವಳು. ಅಂಥವಳನ್ನು ಕರೆತಂದು, ದಿನವೂ ಕಸಬರಿಗೆ ಕಾಯುತ್ತಿರುವ ಬಾಗಿಲಿಗೆ ನಿಲ್ಲಿಸಲೇ? ಬೇರೆ ಮನೆ ಹುಡುಕಿದೆ. ಕೈಗೆಟಕುವ ಬಾಡಿಗೆಯಲ್ಲಿ ಸಿಗಲಿಲ್ಲ.

“ಅಲ್ಲೆ ಏನಾರ ತೊಂದ್ರಿ ಐತೇನೋ?” ಎಂದು ಅವ್ವ ಫೋನಿನಲ್ಲಿ ಕೇಳಿದಳು.

“ಏನಿಲ್ಲವ್ವ. ಮನಿ ಸಣ್ಣದು.”

“ನಾ ಎಷ್ಟು ದೊಡ್ಡಾಕಿ ಅದೀನಿ?”

ಕೊನೆಗೆ ಸುಮಾ ನನಗೆ ಹೇಳದೆಯೇ ಟಿಕೆಟ್ ಬುಕ್ ಮಾಡಿಸಿದಳು.

ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ಕಸಬರಿಗೆಯನ್ನು ಎತ್ತಿ ಬಚ್ಚಿಡೋಣವೆಂದು ಹುಡುಕಿದೆ. ಎಲ್ಲಿಯೂ ಕಾಣಲಿಲ್ಲ. ಮರಳಿ ಬಂದಾಗ ಅದು ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಅವ್ವ ಕಾರಿನಿಂದಿಳಿದು, ಸೆರಗು ಸರಿಮಾಡಿಕೊಂಡು, ಹಾದಿಯ ತುದಿಯವರೆಗೆ ನಡೆದು ಅದರ ಮುಂದೆ ನಿಂತಳು.

“ಇದು ನನಗಿಂತ ಮೊದಲ ಬಂದು ನಿಂತೈತಲ್ಲೋ” ಎಂದಳು.

ನಾನು ಕಾಲು ಚಾಚಿ ಅದನ್ನು ಸರಿಸಲು ಹೋದೆ. ಅವ್ವ ನನ್ನ ತೋಳು ಹಿಡಿದಳು. “ಕಾಲು ಹಚ್ಚಬ್ಯಾಡ. ನಿನ್ನ ಫೀಜು ಕಟ್ಟಿದ್ದು ಅದ.” ಎರಡೂ ಕೈಯಿಂದ ಎತ್ತಿ ಮೂಲೆಗೆ ನಿಲ್ಲಿಸಿದಳು.

ಅಷ್ಟರಲ್ಲಿ ದೊಡ್ಡ ಮನೆಯಿಂದ ಅವರು ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಏಲಕ್ಕಿಯ ಬ್ರೆಡ್. ಅವರು ನೋಡಿದ್ದು ನನ್ನನ್ನಲ್ಲ, ಅವ್ವನ ಕೈಗಳನ್ನು. ನನ್ನಲ್ಲಿ ಅಷ್ಟು ದಿನ ಕಟ್ಟಿಕೊಂಡಿದ್ದು ಒಡೆಯಿತು. ಸಿದ್ಧಪಡಿಸಿಕೊಳ್ಳದ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

“ಈ ಕಸಬರಿಗೆಯನ್ನು ನಮ್ಮ ಬಾಗಿಲಿಗೆ ಯಾಕೆ ಇಡುತ್ತೀರಿ?”

“ಯಾಕೆ ಅಂದರೆ? ನೀವು ಮನೆಯಲ್ಲಿ ಇರಲಿಲ್ಲ.”

ಮಾತು ತೇಲಿಸುತ್ತಿದ್ದಾರೆಂದುಕೊಂಡೆ. ಅವರು ತಟ್ಟೆಯನ್ನು ಸುಮಾಳ ಕೈಗೆ ಕೊಟ್ಟು, ನನ್ನ ತೋಳು ಹಿಡಿದು ತಮ್ಮ ವರಾಂಡಕ್ಕೆ ಕರೆದೊಯ್ದರು. ತಮ್ಮ ಮುಂಬಾಗಿಲಿನ ಹಿಡಿಯ ಪಕ್ಕ, ಮರದ ಚೌಕಟ್ಟನ್ನು ತೋರಿಸಿದರು. ಹೆಬ್ಬೆರಳು ಕೂರುವಷ್ಟು ಒಂದು ತಗ್ಗು ಅಲ್ಲಿ ಸವೆದಿತ್ತು. ವರ್ಷಗಟ್ಟಲೆ ಕೋಲೊಂದು ಒರಗಿ ಒರಗಿ ಆದ ತಗ್ಗು.

“ನಾನೂ ಇಡುತ್ತೇನೆ, ಅಂಗಡಿಗೆ ಹೋಗುವಾಗ. ಆಗ ನೀನು ಆಫೀಸಿನಲ್ಲಿರುತ್ತೀಯ, ನೋಡಿಲ್ಲ.”

ಆಮೇಲೆ ಅಲ್ಲಿಯೇ ನನ್ನನ್ನು ಕೂರಿಸಿ ಹೇಳಿದರು. ಅವರ ಊರಿನಲ್ಲಿ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲವಂತೆ. ಮನೆಯವರು ಹೊರಗೆ ಹೋಗುವಾಗ ಕಸಬರಿಗೆಯನ್ನು ಬಾಗಿಲಿಗೆ ಅಡ್ಡ ಒರಗಿಸಿ ಹೋಗುತ್ತಿದ್ದರಂತೆ. ಒಳಗೆ ಯಾರೂ ಇಲ್ಲ, ಬರಬೇಡಿ ಎಂಬುದು ಅದರ ಅರ್ಥ. ಅದನ್ನು ದಾಟಿ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ.

“ಎರಡೂ ಅಂಗಡಿಯವರು ಒಪ್ಪುತ್ತಿದ್ದ ಮಾತು ಊರಿನಲ್ಲಿ ಅದೊಂದೇ” ಎಂದರು. ಬಹಳ ಹೊತ್ತು ಸುಮ್ಮನಿದ್ದರು. ನಾನು ಏಳಲಿಲ್ಲ. “ನನ್ನ ಅಪ್ಪನನ್ನು ಹಿಡಿಯಲು ಬಂದಾಗ ಕಸಬರಿಗೆ ಬಾಗಿಲಿಗಿತ್ತು. ಬಂದವನು ಪಕ್ಕದ ಮನೆಯ ಹುಡುಗ. ಅದನ್ನು ಕಾಲಿನಿಂದ ಸರಿಸಿ ಒಳಗೆ ಹೋದ. ನನ್ನಜ್ಜಿ ಸಾಯುವವರೆಗೆ ಹೇಳಿದ್ದು ಬಂದೂಕಿನ ಮಾತಲ್ಲ. ಆ ಕಾಲಿನ ಮಾತು.”

ನಾನು ನೆಲ ನೋಡಿದೆ.

“ನೀನು ಸರಿಸುವುದನ್ನೂ ನೋಡಿದ್ದೇನೆ. ದಿನವೂ. ಇವನು ಯಾವ ಕಡೆಯವನು ಎಂದುಕೊಂಡೆ. ಆದರೆ ಅದು ನಿನ್ನ ಮನೆ, ನಿನ್ನ ಕಾಲು.”

ಹಾಗಾದರೆ ಅವರೂ ಅಷ್ಟು ದಿನ ಪರದೆಯ ಹಿಂದಿನಿಂದ ನನ್ನನ್ನೇ ಅನುಮಾನಿಸುತ್ತಿದ್ದರು. ನನ್ನ ಅನುಮಾನ ಮಾತ್ರ ಇನ್ನೂ ಪೂರ್ತಿ ಹೋಗಿರಲಿಲ್ಲ. “ಬಂದಾಗಿನಿಂದ ಇಡಲಿಲ್ಲ. ದೀಪಾವಳಿಯ ಹೊತ್ತಿಗೆ ಶುರುಮಾಡಿದಿರಿ. ಯಾಕೆ?” ಎಂದು ಕೇಳಿದೆ.

“ನಿನ್ನ ಸ್ನೇಹಿತ ಬಂದಿದ್ದ, ನೀವು ಇಲ್ಲದಾಗ. ಸ್ಟೀಲ್ ಡಬ್ಬಿ ಕೊಡಲು. ಗೇಟಿನಲ್ಲಿ ನಿಂತು ಬಹಳ ಮಾತಾಡಿದ. ನಿನ್ನ ತಾಯಿ ಬೀದಿ ಗುಡಿಸುತ್ತಾಳೆ ಅಂದ. ನಿಮ್ಮ ದೇಶದಲ್ಲಿ ಅದಕ್ಕೆ ಒಂದು ಅರ್ಥ ಇದೆ, ಮನೆ ಕೊಟ್ಟವರಿಗೆ ಗೊತ್ತಿರುವುದು ಒಳ್ಳೆಯದು ಅಂದ.”

“ನೀವೇನಂದಿರಿ?”

“ನೀನು ಯಾವ ಅಂಗಡಿಯಲ್ಲಿ ಬ್ರೆಡ್ ಕೊಳ್ಳುತ್ತೀಯ ಎಂದು ಕೇಳಿದೆ. ಪಾಪ, ಒಂದು ಸೂಪರ್‌ಮಾರ್ಕೆಟ್ಟಿನ ಹೆಸರು ಹೇಳಿದ. ಡಬ್ಬಿ ಇಸಿದುಕೊಂಡು ಗೇಟು ಹಾಕಿದೆ. ಇಂಥವರು ಒಬ್ಬರು ಬಂದರೆ ಇನ್ನೊಬ್ಬರು ಬರುತ್ತಾರೆ. ಅದಕ್ಕೆ ಕಸಬರಿಗೆ ಕಟ್ಟಿದೆ, ನಿಮ್ಮ ಬಾಗಿಲಿಗೆ ಬೇರೆಯದೇ.”

ಹಿಂದಿನ ಮನೆಯ ಮೆಟ್ಟಿಲಿನಲ್ಲಿ ಕುಳಿತು ಅವ್ವ ಬ್ರೆಡ್ ತಿನ್ನುತ್ತಿದ್ದಳು. “ಏನಂದ್ರೋ ಆ ಅಮ್ಮಾರು?” ಎಂದಳು. ನಾನು ಕಸಬರಿಗೆಯ ಪದ್ಧತಿಯನ್ನಷ್ಟೇ ಹೇಳಿದೆ, ಗೇಟಿನ ಮಾತನ್ನು ಬಿಟ್ಟೆ. ಅವ್ವ ತಲೆದೂಗಿದಳು. “ಅಂದ್ರ ಅದು ಕಾವಲಿಗೆ ನಿಂತಿದ್ದು. ಚಲೋ ಆತು. ಇದರಾಗ ಯಾಲಕ್ಕಿ ಹಾಕ್ಯಾರ ನೋಡು.”

ಮಗು ಹುಟ್ಟಿದ ಮೇಲಿನ ತಿಂಗಳುಗಳಲ್ಲಿ ಆ ಇಬ್ಬರೂ ವರಾಂಡದಲ್ಲಿ ಕುಳಿತಿರುತ್ತಿದ್ದರು. ಅವ್ವ ಕನ್ನಡದಲ್ಲಿ ಹೇಳುತ್ತಿದ್ದಳು, ಅವರು ತಮ್ಮ ಭಾಷೆಯಲ್ಲಿ. ಬಾಣಂತಿಗೆ ನೀರು ಹಾಕಲು ಹಬೆಯ ಗುಡಿಸಲೇ ಸರಿಯಾದ ಜಾಗ ಎಂದು ಅವ್ವ ಎರಡನೆಯ ದಿನವೇ ತೀರ್ಮಾನಿಸಿದಳು. ಅವರು ಒಲೆಗೆ ಸೌದೆ ಒಟ್ಟಿದರು. “ಇಷ್ಟು ಚಲೋ ಬಚ್ಚಲ ನಮ್ಮೂರಾಗ ಗೌಡರ ಮನ್ಯಾಗೂ ಇಲ್ಲ” ಎಂದು ಅವ್ವ ಹೊಗಳಿದ್ದನ್ನು ನಾನು ಅನುವಾದಿಸಿದೆ. “ಗೌಡರು ಯಾವ ಅಂಗಡಿ?” ಎಂದು ಅವರು ಕೇಳಿದರು.

ಇಷ್ಟಾದರೂ ಅವರು ಸ್ನೇಹಮಯಿಯಾದರೆಂದು ಬರೆದರೆ ಸುಳ್ಳಾಗುತ್ತದೆ. ಪರದೆ ಕೊನೆಯವರೆಗೂ ಸರಿಯುತ್ತಲೇ ಇತ್ತು. ವಸಂತ್ ಒಂದೆರಡು ಬಾರಿ ನಮ್ಮನ್ನು ನೋಡಲು ಬಂದಾಗ, ಅವರನ್ನು ಗೇಟಿನಿಂದ ಒಳಗೆ ಬಿಡಲಿಲ್ಲ. ನಾನೇ ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ಮಾತನಾಡಬೇಕಾಯಿತು. ವಸಂತ್ ಅವರ ಬಳಿ ನಾನು ಆ ವಿಷಯ ಎತ್ತಲಿಲ್ಲ. ಅವರು ಒಮ್ಮೆ ತಾವಾಗಿಯೇ, “ಅಜ್ಜಿಗೆ ನನ್ನ ಮೇಲೆ ಏನೋ ಕೋಪ ಕಣ್ರೀ. ನಾನೇನೋ ಒಳ್ಳೇ ಮನಸ್ಸಿಂದ ಮಾತಾಡಿಸಿದ್ದು” ಎಂದರು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮಾತಿಲ್ಲದೆ ನಿಲ್ಲುವುದನ್ನು ನಾನು ಚೆನ್ನಾಗಿ ಕಲಿತಿದ್ದೆ.

ಎರಡು ಸಾವಿರದ ಎಂಟರಲ್ಲಿ ಕೆಲಸದ ನಿಮಿತ್ತ ಮೆಲ್ಬರ್ನ್‌ಗೆ ಹೊರಟಾಗ ಅವರು ಗೇಟಿನವರೆಗೆ ಬಂದರು. ತಬ್ಬಿಕೊಳ್ಳಲಿಲ್ಲ. “ಹೊಸ ಊರಿನಲ್ಲಿ ಮೊದಲ ವಾರ ಬ್ರೆಡ್ ಕೊಳ್ಳಬೇಡ. ಮನೆಯಲ್ಲೇ ಏನಾದರೂ ಮಾಡಿಕೋ” ಎಂದರು. ಅದು ತಮಾಷೆಯೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ. ಕಾರು ತಿರುಗುವಾಗ ಕನ್ನಡಿಯಲ್ಲಿ ನೋಡಿದೆ. ಅವರು ಖಾಲಿಯಾದ ಹಿಂದಿನ ಮನೆಯ ಕಡೆಗೆ ಕಸಬರಿಗೆ ಹಿಡಿದು ನಡೆಯುತ್ತಿದ್ದರು.

ವಸಂತ್ ಅವರ ಫೋನ್ ಬಂದ ಶನಿವಾರ ಮಧ್ಯಾಹ್ನ ನಾನು ಊರಿಗೆ ಫೋನ್ ಮಾಡಿ ಅವ್ವನಿಗೆ ಸುದ್ದಿ ತಿಳಿಸಿದೆ. ಆಕೆ ಅತ್ತಳೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದಳು.

“ಆಕಿ ಬಾಗಲಿಗೆ ಕಸಬರಿಗಿ ಯಾರು ಇಟ್ರೋ?”

ಅವರಿಗೆ ಮಕ್ಕಳಿರಲಿಲ್ಲ. ಆ ರಸ್ತೆಯಲ್ಲಿ ನನಗೆ ಪರಿಚಯವಿದ್ದವರು ಯಾರೂ ಉಳಿದಿರಲಿಲ್ಲ. ಹತ್ತಿರದಲ್ಲಿ ಇದ್ದವರು ಒಬ್ಬರೇ. ನಾನು ಫೋನನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದನ್ನು ಸುಮಾ ನೋಡಿದಳು. “ಯಾರಿಗೆ ಮಾಡ್ತೀರಿ?” ಎಂದಳು. ಹೇಳಿದೆ. ಅವಳು ಒಲೆ ಆರಿಸಿದಳು.

“ವಸಂತ್ ಅವರೇ, ಒಂದು ಕೆಲಸ ಆಗಬೇಕಿತ್ತು.”

“ಹೇಳಿ ಹೇಳಿ.”

“ಆ ಮನೆಯ ವರಾಂಡದಲ್ಲಿ ಒಂದು ಕಡ್ಡಿ ಪೊರಕೆ ಇರುತ್ತೆ. ಅದನ್ನ ಮುಂಬಾಗಿಲಿಗೆ ಅಡ್ಡ ಒರಗಿಸಿ ಬರಬೇಕು.”

“ಪೊರಕೇನಾ? ನಾನಾ?”

“ಹೌದು. ನೀವೇ.”

ಆ ಕಡೆ ಮೌನ. ನಾನು ಅದನ್ನು ತುಂಬಲಿಲ್ಲ.

“ಯಾಕೆ ಅಂತ ಕೇಳ್ಬಹುದಾ ಮಂಜುನಾಥ್?”

“ಮನೇಲಿ ಯಾರೂ ಇಲ್ಲ. ಅದಕ್ಕೆ.”

“ನೋಡ್ತೀನಿ” ಎಂದು ಇಟ್ಟರು.

ಒಂದೆರಡು ಗಂಟೆಯ ಮೇಲೆ ಮೆಸೇಜ್ ಬಂತು: ‘ಇಟ್ಟೆ.’ ನಾನು ನಂಬಲಿಲ್ಲ. ಸೋಫಾದಲ್ಲಿ ಕುಳಿತೇ ಎರಡಕ್ಷರ ಒತ್ತಲು ಯಾರಿಗೆ ಆಗುವುದಿಲ್ಲ? ಯಾರು ಹೇಳಿದರು ಎಂದು ಮೊದಲು ನೋಡು. ನಾನು ಉತ್ತರ ಕಳಿಸಲಿಲ್ಲ.

ಸಂಜೆ ಇನ್ನೊಂದು ಬಂತು, ಕೇಳದೆಯೇ.

‘ಎರಡು ಸಲ ಜಾರಿ ಬಿತ್ತು. ಬಾಗಿಲ ಹಿಡಿ ಪಕ್ಕ ಮರದಲ್ಲಿ ಒಂದು ತಗ್ಗಿದೆ. ಅಲ್ಲಿ ಕೂರಿಸಿದೆ. ಈಗ ನಿಂತಿದೆ.’

ತಗ್ಗಿನ ವಿಷಯವನ್ನು ನಾನು ಅವರಿಗೆ ಹೇಳಿರಲಿಲ್ಲ.